ಜಟ್ಟಪ್ಪ ಕಟ್ಟಿದ ಎಮ್ಮೆ

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರನ್ನೂ ಒಂದೇ ಆಳ್ವಿಕೆಗೆ ತಂದವರು ಹಿಂದೆ ಕೆಳದಿಯ ಅರಸರು. ಅವರಾದ ಮೇಲೆ ಆ ಸಾಹಸ ಮಾಡಿದವನು ಹೊಸನಗರದ ಗೂಡ್ಸ್ ಗಾಡಿಯ ಜಟ್ಟಪ್ಪ ಒಬ್ಬನೇ. ಅರಸರಿಗೆ ಕೋಟೆ, ಕುದುರೆ, ಫಿರಂಗಿ ಎಲ್ಲ ಬೇಕಾಗಿದ್ದವು. ಜಟ್ಟಪ್ಪನಿಗೆ ಒಂದು ಹಗ್ಗ ಸಾಕಾಯಿತು. ಅವನು ಆ ಹಗ್ಗಕ್ಕೆ ಹಾಕಿದ ಗಂಟು ಊರು ದಾಟುವವರೆಗೆ ನಿಂತ ಉದಾಹರಣೆ ಮೂರು ತಾಲ್ಲೂಕುಗಳ ಚರಿತ್ರೆಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಹುಲಿಕಲ್ಲಿನ ತಿರುವೊಂದರಲ್ಲಿ ಅವನ ಗಾಡಿಯಿಂದ ಇಳಿದ ಹತ್ತಿಯ ಹಾಸಿಗೆಯ ಮೇಲೆ ಕೋತಿಗಳ ದೊಡ್ಡ ಸಂಸಾರವೊಂದು ಮಧ್ಯಾಹ್ನದ ನಿದ್ದೆ ಮುಗಿಸಿತ್ತಂತೆ. ಮೇಗರವಳ್ಳಿಯ ಹತ್ತಿರ ಮದುವೆ ಮನೆಯ ಕುರ್ಚಿಗಳು ಒಂದರ ಹಿಂದೊಂದು ರಸ್ತೆಗೆ ಹಾರಿ, ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೂರುವ ವ್ಯವಸ್ಥೆ ಆಗಿತ್ತು. ಕಾರ್ಗಲ್ ದಾರಿಯ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಟ್ಯಾಂಕೊಂದು ಕಳಚಿಕೊಂಡು, ಉರುಳುತ್ತಾ ಬಂದು, ಜಟ್ಟಪ್ಪನ ಗಾಡಿಯನ್ನೇ ಹಿಂದೆ ಹಾಕಿ, ತಲುಪಬೇಕಾದ ಮನೆಯ ದಿಕ್ಕಿಗೆ ತಾನೇ ಮುಂದಾಗಿ ಹೋಗಿತ್ತು. ರಸ್ತೆ ಬದಿಯಲ್ಲಿ ಯಜಮಾನನಿಲ್ಲದ ಮಂಚವೋ ಒರಳೋ ಕಂಡರೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. "ಜಟ್ಟಪ್ಪಂದು" ಎಂದು ಬದಿಗೆ ಸರಿಸಿ, ಅವನಿಗೊಂದು ಫೋನ್ ಹಚ್ಚುತ್ತಾರೆ. ಅವನೂ ಬೇಸರವಿಲ್ಲದೆ ಹಿಂದಿರುಗಿ ಹೋಗಿ, ಬಿದ್ದದ್ದನ್ನೆಲ್ಲ ಆರಿಸಿ, ಒರೆಸಿ, ಸೇರಬೇಕಾದ ಕಡೆ ಸೇರಿಸುತ್ತಾನೆ. ಅದಕ್ಕೇ ಅವನ ಗಿರಾಕಿಗಳು ಇಷ್ಟು ವರ್ಷವಾದರೂ ಅವನನ್ನು ಬಿಟ್ಟಿಲ್ಲ. ಬೇರೆ ಗಾಡಿಯಲ್ಲಿ ಹಾಕಿದರೆ ಸಾಮಾನು ಬರೀ ಬಂದು ಸೇರುತ್ತದೆ, ಅಷ್ಟೇ. ಜಟ್ಟಪ್ಪನ ಗಾಡಿಯಲ್ಲಾದರೆ ಅದು ಊರು ನೋಡಿಕೊಂಡು ಬರುತ್ತದೆ.

ಈ ಮಹಾಪುರುಷನ ಪಕ್ಕದ ಮನೆಯಲ್ಲಿ ವಾಸವಾಗಿದ್ದವಳು ದೀಪಶ್ರೀ. ಸಾಗರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಹೇಳುತ್ತಾಳೆ. ಜೀವಿಗಳು ಯಾಕೆ ಎದ್ದು ಓಡಾಡುತ್ತವೆ, ಯಾಕೆ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ ಎನ್ನುವುದು ಅವಳಿಗೆ ಅಚ್ಚುಮೆಚ್ಚಿನ ಪಾಠ. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಇಲಿ ಕಾಳಿನ ಆಸೆಗೆ ಸನ್ನೆಗೋಲು ಒತ್ತುವುದು, ಹೊಟ್ಟೆ ತುಂಬಿದ ಮಂಗ ಕೂಡ ಬೀಗದ ಚಿಲಕವನ್ನು ಬರೀ ಕುತೂಹಲಕ್ಕೆ ಬಿಚ್ಚುತ್ತಾ ಕೂರುವುದು, ಇದನ್ನೆಲ್ಲ ಅವಳು ಹೇಳುವಾಗ ಕೊನೆಯ ಬೆಂಚಿನವರೂ ಮೊಬೈಲು ಕೆಳಗಿಡುತ್ತಿದ್ದರು. ಅಂಥವಳಿಗೆ ಮನೆಯಲ್ಲೇ ಒಂದು ಜೀವ ಎದ್ದು ಓಡಾಡುವುದನ್ನು ಬಿಟ್ಟುಬಿಟ್ಟಿತ್ತು.

ಅದು ಅವಳ ಮಾವ ಪುಟ್ಟಪ್ಪನವರದು. ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ರಿಗ್ಗರ್ ಆಗಿದ್ದವರು. ದೊಡ್ಡ ದೊಡ್ಡ ಯಂತ್ರಗಳನ್ನು ಮೇಲೆತ್ತಿ ಇಳಿಸುವಾಗ ಅವುಗಳಿಗೆ ಹಗ್ಗ, ಸರಪಳಿ, ಕಪ್ಪಿ ಕಟ್ಟುವ ಕೆಲಸ ಅವರದಾಗಿತ್ತು. ಪುಟ್ಟಪ್ಪ ಕಟ್ಟಿದ್ದು ಎಂದರೆ ಎಂಜಿನಿಯರುಗಳು ಇನ್ನೊಮ್ಮೆ ತಿರುಗಿ ನೋಡದೆ ಅದರ ಕೆಳಗೇ ನಡೆದು ಹೋಗುತ್ತಿದ್ದರು. ನಿವೃತ್ತಿಯಾಗಿ ಹೊಸನಗರದಲ್ಲಿ ಮನೆ ಕಟ್ಟಿಕೊಂಡ ಮೇಲೂ ಅವರ ಮನೆಯ ಬಟ್ಟೆಯ ಹಗ್ಗ ಒಂದೇ ಒಂದು ದಿನ ಜೋತು ಬಿದ್ದದ್ದಿಲ್ಲ.

ದೀಪಶ್ರೀ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಎಂ.ಎ. ಅರ್ಧಕ್ಕೆ ನಿಂತಿತ್ತು. ಓದಿದ್ದು ಸಾಕು ಎಂದು ಎರಡೂ ಕಡೆಯ ಹಿರಿಯರು ತೀರ್ಮಾನ ಕೊಟ್ಟಾಗಿತ್ತು. ಪುಟ್ಟಪ್ಪ ಮಾತ್ರ, "ಭಾರ ಅರ್ಧ ಮೇಲೆತ್ತಿ, ಗಾಳೀಲಿ ಬಿಟ್ಟು ಊಟಕ್ಕೆ ಹೋಗಕ್ಕಾಗುತ್ತಾ?" ಎಂದು ಕೇಳಿದ್ದರು. ಅಷ್ಟು ಕೇಳಿ ಸುಮ್ಮನಾಗಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಬೆಳಗಿನ ಬಸ್ಸಿಗೆ ಅವಳನ್ನು ಸ್ಕೂಟರಿನಲ್ಲಿ ಬಿಟ್ಟು ಬಂದಿದ್ದರು. ಮೊದಲ ಸಂಬಳದಲ್ಲಿ ಅವಳು ತಂದ ಶಾಲನ್ನು ಅವರು ಬೇಸಿಗೆಯಲ್ಲೂ ಹೊದೆಯುತ್ತಿದ್ದರು.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಜೀವಕ್ಕೆ ತೊಂದರೆಯಾಗಲಿಲ್ಲ. ಮಾತು ಸ್ವಲ್ಪ ತೊದಲಿ ಮತ್ತೆ ಸರಿಹೋಯಿತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಮುಷ್ಟಿ ಹಿಡಿದು ಕೂತುಬಿಟ್ಟಿತು.

ತೀರ್ಥಹಳ್ಳಿಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಲಿಖಿತಾ, ದೀಪಶ್ರೀಯನ್ನು ಅಡುಗೆ ಮನೆಗೆ ಕರೆದು ಹೇಳಿದಳು. "ಮೇಡಂ, ಈ ಚಳಿಗಾಲ ಮುಗಿಯೋದ್ರೊಳಗೆ ಆ ಬೆರಳು ಬಿಚ್ಚಬೇಕು. ನಾನು ಎಳೆದ್ರೆ ಆಗಲ್ಲ, ಅವ್ರಾಗೇ ಬಿಚ್ಚಬೇಕು. ಬಿಟ್ರೆ ಮಡಚಿದ್ದು ಮಡಚಿದ ಹಾಗೇ ನಿಂತ್ಬಿಡುತ್ತೆ." ಹೋಗುವಾಗ, ದಿನಾ ಒತ್ತಲಿಕ್ಕೆ ಎಂದು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು ಹೋದಳು.

"ಚೆಂಡಾಟ ಆಡೋ ವಯಸ್ಸಾ ನಂದು?" ಎಂದು ಪುಟ್ಟಪ್ಪ ಅದನ್ನು ಎಡಗೈಯಲ್ಲಿ ಗೇಟಿನಾಚೆ ಎಸೆದರು. ಬೀದಿ ನಾಯಿಯೊಂದು ಅದನ್ನು ಕಚ್ಚಿಕೊಂಡು ಹೋಯಿತು. ಮಾರನೆಯ ದಿನದಿಂದ ಆ ನಾಯಿ ಅದೇ ಹೊತ್ತಿಗೆ ಗೇಟಿನ ಮುಂದೆ ಬಾಲ ಅಲ್ಲಾಡಿಸುತ್ತಾ ಹಾಜರಾಗತೊಡಗಿತು. ಆ ಚೆಂಡು ಹುರುಪು ತುಂಬಿದ್ದು ಅದೊಂದೇ ಪ್ರಾಣಿಗೆ.

ದೀಪಶ್ರೀ ತನ್ನ ಶಾಸ್ತ್ರದ ಬತ್ತಳಿಕೆಯಿಂದ ಒಂದೊಂದೇ ಬಾಣ ಹೊರತೆಗೆದಳು. ಮಾವನಿಗೆ ಕೊಬ್ಬರಿ ಮಿಠಾಯಿ ಎಂದರೆ ಪ್ರಾಣ. ಬೆರಳು ಒಮ್ಮೆ ಅಲ್ಲಾಡಿಸಿದರೆ ಒಂದು ತುಂಡು ಎಂದು ಒಪ್ಪಂದ ಮಾಡಿದಳು. ಪುಟ್ಟಪ್ಪ ಬೆರಳು ಅಲ್ಲಾಡಿಸದೆಯೇ ಎಡಗೈಯಿಂದ ತಟ್ಟೆ ಖಾಲಿ ಮಾಡಿದರು. ಇಲಿಗಾದರೂ ಸನ್ನೆಗೋಲು ಒತ್ತಿದ ಮೇಲೇ ಕಾಳು ಎಂಬ ಶಿಸ್ತು ಇರುತ್ತದೆ ಎಂದು ಸೊಸೆ ನೊಂದುಕೊಂಡಳು. ಹೊಗಳಿದಳು. "ನಾನೇನು ಎಲ್‌ಕೆಜಿ ಮಗುನಾ?" ಎಂದರು. ಹೆದರಿಸಿದಳು. ಆಕಳಿಸಿದರು. ಗಂಡ ಶ್ರೀನಾಥನ ಕೈಯಲ್ಲಿ ಹೇಳಿಸಿದಳು. ಅವನು ಹೇಳಲು ಹೋಗಿ, ಅಪ್ಪನ ಮುಖ ನೋಡಿ, ಕಣ್ಣೊರೆಸಿಕೊಂಡು ವಾಪಸ್ಸು ಬಂದ.

ಕೊನೆಗೆ ಒಂದು ದಿನ ಪುಟ್ಟಪ್ಪನವರೇ ಮೆತ್ತಗೆ ಕೇಳಿದರು. "ಅಲ್ಲ ದೀಪಾ, ಬಿಚ್ಕೊಂಡು ಎಂತ ಮಾಡ್ಬೇಕು? ಇನ್ನು ಈ ಕೈಗೆ ಎಂತ ಕೆಲ್ಸ ಇದೆ ಹೇಳು ನೋಡಣ."

ಎಷ್ಟೋ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದ ದೀಪಶ್ರೀ ಈ ಪ್ರಶ್ನೆಯನ್ನು ಚೀಲದ ಜೊತೆ ಹೊತ್ತುಕೊಂಡೇ ಕಾಲೇಜಿಗೆ ಹೊರಟಳು. ಅವತ್ತು ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಸಾಗರದವರೆಗೂ ಅದನ್ನೇ ಯೋಚಿಸಿದಳು. ಹಸಿವು, ಬಾಯಾರಿಕೆ, ಭಯ, ಬಹುಮಾನ ಎಲ್ಲವೂ ಅವಳ ಕೈಯಲ್ಲಿದ್ದವು. ಒಂದು ಕೆಲಸ ಮಾತ್ರ ಇರಲಿಲ್ಲ.

ಆ ಕೆಲಸ ನಾಲ್ಕು ಕಾಲಿನ ಮೇಲೆ ತಾನಾಗಿಯೇ ನಡೆದು ಬಂತು.

ಜಟ್ಟಪ್ಪನಿಗೊಂದು ಎಮ್ಮೆ ಇತ್ತು. ಕಾಡಿಗೆಗಿಂತ ಕಪ್ಪಾದ ಆ ಎಮ್ಮೆಗೆ ಬೆಳ್ಳಿ ಎಂದು ಹೆಸರಿಟ್ಟವನೂ ಅವನೇ. ಅದನ್ನು ಕಟ್ಟುತ್ತಿದ್ದವನೂ ಅವನೇ ಆದ್ದರಿಂದ ಬೆಳ್ಳಿ ತನ್ನ ಇಷ್ಟ ಬಂದಂತೆ ಬದುಕಿತ್ತು. ಆ ಡಿಸೆಂಬರಿನಲ್ಲಿ ಅದಕ್ಕೆ ಪುಟ್ಟಪ್ಪನವರ ಹೆಂಡತಿ ಕನ್ನಮ್ಮನ ಕಲಗಚ್ಚಿನ ರುಚಿ ಹತ್ತಿತು. ಅಕ್ಕಿ ತೊಳೆದ ನೀರಿಗೆ ತರಕಾರಿ ಸಿಪ್ಪೆ, ಹಿಡಿ ಉಪ್ಪು ಹಾಕಿ ಆಕೆ ಹಿತ್ತಲಲ್ಲಿಡುತ್ತಿದ್ದ ಬಕೆಟ್ಟಿಗಾಗಿ ಬೆಳ್ಳಿ ಬೆಳಗಾದರೆ ಹಗ್ಗ ಎಳೆದುಕೊಂಡು ಬಂದು ಗೇಟನ್ನು ಮೂತಿಯಿಂದ ತಳ್ಳುತ್ತಿತ್ತು. ಹಿಂದೆಯೇ ಜಟ್ಟಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಬರುತ್ತಿದ್ದ.

"ಅಕ್ಕಾ, ನನ್ನ ಹುಡುಗಿ ಬಂತಾ ಈ ಕಡೆ?"

"ಬಂದು ತಿಂಡಿ ಆಯ್ತು ಅದ್ರದ್ದು. ನಿಂದಾಯ್ತಾ?"

ಆಗಿರುತ್ತಿರಲಿಲ್ಲ. ಕನ್ನಮ್ಮನ ದೋಸೆ ಎಂದರೆ ಅವನಿಗೂ ಬೆಳ್ಳಿಯ ಬಕೆಟ್ಟಿನಷ್ಟೇ ಸೆಳೆತ. ಎಮ್ಮೆಯನ್ನು ಗೇಟಿನ ಕಂಬಕ್ಕೆ ಕಟ್ಟಿ ಒಳಗೆ ಹೋಗುವನು. ಅವನು ಎರಡನೆಯ ದೋಸೆ ಮುರಿಯುವ ಹೊತ್ತಿಗೆ ಬೆಳ್ಳಿ ಕಂಬವನ್ನು ಬಿಟ್ಟು ಬಸಳೆ ಚಪ್ಪರದಲ್ಲಿರುವುದು.

ಮುಂದಿನ ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಬಿಸಿಲು ಕಾಯಿಸುತ್ತಿದ್ದ ಪುಟ್ಟಪ್ಪ ಇದನ್ನು ಒಂದೆರಡು ದಿನ ಸಹಿಸಿಕೊಂಡರು. ಆಮೇಲೆ ಒಂದು ಬೆಳಿಗ್ಗೆ, ಜಟ್ಟಪ್ಪ ಕಟ್ಟಿ ತಿರುಗುವಷ್ಟರಲ್ಲಿ, ಕುರ್ಚಿಯಿಂದ ಧ್ವನಿ ಬಂತು.

"ಎಂತ ಅದು?"

"ಎಮ್ಮೆ, ಪುಟ್ಟಪ್ಪಣ್ಣ."

"ಎಮ್ಮೆ ನಂಗೂ ಕಾಣ್ತದೆ. ಹಗ್ಗಕ್ಕೆ ಎಂತ ಮಾಡಿದೀಯ ಅಂತ ಕೇಳಿದ್ದು."

"ಗಂಟು ಹಾಕಿದೀನಿ. ಗಟ್ಟಿ ಗಂಟು."

"ಅದು ಗಂಟಲ್ಲ ಮಾರಾಯ. ಹಗ್ಗಕ್ಕೆ ಬಂದ ರೋಗ. ಬಿಚ್ಕೊಂಡು ಬಾ ಇಲ್ಲಿ."

ಸಾಗರದ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ದೀಪಶ್ರೀ ಬಾಗಿಲಲ್ಲೇ ನಿಂತಳು. ಲಕ್ವ ಹೊಡೆದ ಮೇಲೆ ಮಾವ ಇಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಜಟ್ಟಪ್ಪ ಹಗ್ಗದ ತುದಿ ತಂದು ಅವರ ತೊಡೆಯ ಮೇಲಿಟ್ಟ. ಹಗ್ಗದ ಇನ್ನೊಂದು ತುದಿಯಲ್ಲಿ ಬೆಳ್ಳಿಯೂ ಮೆಟ್ಟಿಲ ಬುಡಕ್ಕೆ ಬಂದು, ಪಾಠ ಕೇಳುವವಳ ಹಾಗೆ ಕತ್ತೆತ್ತಿ ನಿಂತಿತು. ಪುಟ್ಟಪ್ಪ ಎಡಗೈಯಲ್ಲಿ ಒಂದು ಕುಣಿಕೆ ಮಾಡಿದರು. ಕುಣಿಕೆ ನಿಲ್ಲಲು ಇನ್ನೊಂದು ಕೈ ಹಿಡಿದುಕೊಳ್ಳಬೇಕು. ಅವರು ತಮ್ಮ ಬಲಗೈಯನ್ನು, ಕೆಲಸದ ಹೊತ್ತಿನಲ್ಲಿ ಬೀಡಿ ಸೇದುತ್ತಾ ಕೂತ ಆಳನ್ನು ನೋಡುವ ಹಾಗೆ ದುರುಗುಟ್ಟಿ ನೋಡಿದರು. ಹಗ್ಗ ಜಾರಿತು. ಮತ್ತೆ ಮಾಡಿದರು. ಮತ್ತೆ ಜಾರಿತು.

"ಕೊಡಿ ಪುಟ್ಟಪ್ಪಣ್ಣ, ನಾ ಹಾಕ್ತೀನಿ" ಎಂದು ಜಟ್ಟಪ್ಪ ಕೈ ಚಾಚಿದ.

"ಮುಟ್ಟಬೇಡ!"

ಆ ಗದರಿಕೆಯ ರಭಸಕ್ಕೋ ಏನೋ, ಬಲಗೈಯ ಹೆಬ್ಬೆರಳು ಒಂಚೂರು ಸರಿಯಿತು. ಹಗ್ಗ ಅದರಡಿಗೆ ಹೋಯಿತು. ಹೆಬ್ಬೆರಳು ಮತ್ತೆ ಮುಚ್ಚಿಕೊಂಡು ಅದನ್ನು ಹಿಡಿದುಕೊಂಡಿತು. ಆ ಹೊತ್ತಿಗೆ ಸಾಗರದ ಬಸ್ಸು ಹಾರನ್ ಹೊಡೆದು ಹೊರಟು ಹೋಯಿತು. ದೀಪಶ್ರೀ ಹೋದರೆ ಹೋಗಲಿ ಎಂದು ಚಪ್ಪಲಿ ಕಳಚಿಟ್ಟು ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು.

ಅಂದಿನಿಂದ ಜಗಲಿಯ ಮೇಲೆ ದಿನವೂ ಯುದ್ಧ. ಜಟ್ಟಪ್ಪ ಕಟ್ಟುವನು, ಪುಟ್ಟಪ್ಪ ಬೈಯುವರು, ಹಗ್ಗ ಜಗಲಿಗೆ ಬರುವುದು, ಹಠಕ್ಕೆ ಬಿದ್ದ ಬೆರಳುಗಳು ಒಂದೊಂದೇ ಕೆಲಸಕ್ಕೆ ಇಳಿಯುವವು. "ಇದು ಮೇಲಿಂದ, ಇದು ಕೆಳಗಿಂದ. ಕಣ್ಣಿದೆಯೋ ಇಲ್ವೋ ನಿಂಗೆ?" "ಹಂಗೇ ಅಲ್ವಾ ಹಾಕಿದ್ದು?" "ಹಂಗಲ್ಲ! ಎಮ್ಮೆಗಾದ್ರೂ ಇಷ್ಟೊತ್ತಿಗೆ ಬರ್ತಿತ್ತು." ಬೆಳ್ಳಿ ಅಷ್ಟರಲ್ಲಿ ಇನ್ನೊಂದು ಸಾಲು ಬಸಳೆ ಮುಗಿಸಿರುತ್ತಿತ್ತು. ಕನ್ನಮ್ಮ ತನ್ನ ಚಪ್ಪರದ ಗತಿ ನೋಡಿ, ಗಂಡನ ಬೆರಳು ನೋಡಿ, ಬಕೆಟ್ಟಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದಳು. ಎಮ್ಮೆ ನಾಳೆಯೂ ತಪ್ಪದೆ ಬರಬೇಕಲ್ಲ.

ದೀಪಶ್ರೀಯ ತಲೆಯಲ್ಲಿ ಈಗ ದೊಡ್ಡ ದೀಪವೇ ಹತ್ತಿತ್ತು. ಎಮ್ಮೆಯನ್ನು ಎಳೆಯುವುದು ಉಪ್ಪು, ನಾಯಿಯನ್ನು ಎಳೆಯುವುದು ಚೆಂಡು. ತನ್ನ ಮಾವನನ್ನು ಎಳೆಯುವುದು ಮಿಠಾಯಿಯೂ ಅಲ್ಲ, ಮರಣಭಯವೂ ಅಲ್ಲ. ಕಣ್ಣೆದುರು ಒಂದು ಕೆಲಸ ಕೆಟ್ಟು ಹೋಗುತ್ತಿರುವಾಗ ಸುಮ್ಮನೆ ಕೂರಲಾರದ ಆ ಚಡಪಡಿಕೆ. ಮನುಷ್ಯನ ಕೈಚಳಕಕ್ಕೂ ಹಸಿವು ಇರುತ್ತದೆ, ಅದಕ್ಕೂ ಹೊತ್ತು ಹೊತ್ತಿಗೆ ಬಡಿಸಬೇಕು. ಇದನ್ನು ಅವಳು ತರಗತಿಯಲ್ಲಿ ಹೇಳಿದ್ದು ಎಷ್ಟು ಸಲವೋ. ಮನೆಯಲ್ಲಿ ಬಡಿಸಿದವನು ಪಕ್ಕದ ಮನೆಯವನು.

ಒಂದು ಭಾನುವಾರ ಜಟ್ಟಪ್ಪ ಬಾಡಿಗೆಗೆ ಹೋಗಿದ್ದ. ಒಂದು ದಿನವೂ ತಪ್ಪಬಾರದೆಂದು ದೀಪಶ್ರೀ ತಾನೇ ಕಣಕ್ಕಿಳಿದಳು. ಬಟ್ಟೆಯ ಹಗ್ಗವನ್ನು ಬಿಚ್ಚಿ, ಮಾವನಿಗೆ ಕಾಣುವ ಹಾಗೆ, ಅತ್ಯಂತ ಹೊಲಸಾದ ಗಂಟೊಂದನ್ನು ಹಾಕಿದಳು. ಪುಟ್ಟಪ್ಪ ಒಂದು ಕಣ್ಣಲ್ಲಿ ನೋಡಿದರು.

"ಬೇಕಂತ ಹಾಕಿದ್ದು" ಎಂದರು. "ಹೋಗು, ಪಾಠ ಓದ್ಕೋ ಹೋಗು." ಎರಡೂ ಕಣ್ಣು ಮುಚ್ಚಿಕೊಂಡರು. ಆ ದಿನವಿಡೀ ಮುಷ್ಟಿ ಬಿಚ್ಚಲಿಲ್ಲ.

ಆಗಲೇ ದೀಪಶ್ರೀಗೆ ಜಟ್ಟಪ್ಪನ ಮೇಲಿನ ಗೌರವ ನೂರ್ಮಡಿಯಾದದ್ದು. ತಾನು ಒಮ್ಮೆ ನಟಿಸಿ ಸಿಕ್ಕಿಬಿದ್ದಳು. ಈತ ದಿನವೂ, ಅದೇ ಮುಖ ಹೊತ್ತು, ಅಷ್ಟು ಬೈಗುಳ ತಿಂದು, ಆ ಹದ್ದಿನ ಕಣ್ಣಿಗೆ ಒಂದಿಷ್ಟೂ ಅನುಮಾನ ಬಾರದಂತೆ ತಪ್ಪು ಮಾಡುತ್ತಿದ್ದಾನೆ! ಎಂಥ ಸಂಯಮ, ಎಂಥ ಕಲೆ, ಎಂಥ ಹೃದಯ!

ಅಷ್ಟರಲ್ಲಿ ಮಹಾ ವಿಪತ್ತೊಂದು ಎದುರಾಯಿತು. ಜಟ್ಟಪ್ಪನ ಹೆಂಡತಿ ಮೂಕಮ್ಮ ಸಾಗರದ ಪೇಟೆಯಿಂದ ಎಮ್ಮೆಗೆಂದು ಕಬ್ಬಿಣದ ಸರಪಳಿ ತಂದಳು. ತುದಿಯಲ್ಲಿ ಕೊಂಡಿ; ಸಿಕ್ಕಿಸಿದರೆ ಮುಗಿಯಿತು, ಗಂಟಿನ ಹಂಗೇ ಇಲ್ಲ. ಸುದ್ದಿ ಕೇಳಿ ದೀಪಶ್ರೀ ಓಡಿದಳು.

"ಜಟ್ಟಪ್ಪಣ್ಣ, ಸರಪಳಿ ಹಾಕ್ಬೇಡಿ. ಹಗ್ಗಾನೇ ಇರ್ಲಿ. ಬೆಳ್ಳಿ ಬಂದ್ರೆ ಮಾವಂಗೆ ಒಳ್ಳೇದಾಗ್ತಿದೆ." ಗುಟ್ಟು ತನಗೂ ಗೊತ್ತು ಎಂದು ತಿಳಿಸಲು ಒಂದು ಕಣ್ಣು ಮಿಟುಕಿಸಿದಳು.

ಜಟ್ಟಪ್ಪ ಹತ್ತಿರ ಬಂದು ಬಗ್ಗಿ ನೋಡಿದ. "ಕಣ್ಣಿಗೆ ಹುಳ ಬಿತ್ತಾ ಮೇಡಂ? ಉಜ್ಜಬೇಡಿ. ನೀರು ಹಾಕಿ ತೊಳೀರಿ."

ಅಬ್ಬಾ, ಇಬ್ಬರೇ ಇರುವಾಗಲೂ ಪಾತ್ರ ಬಿಟ್ಟುಕೊಡುವುದಿಲ್ಲವಲ್ಲ ಎಂದು ದೀಪಶ್ರೀ ಮನಸ್ಸಿನಲ್ಲೇ ಕೈಮುಗಿದಳು. ಮೂಕಮ್ಮ ಮಾತ್ರ ಗೊಣಗಿದಳು. "ನಮ್ಮನೆ ಎಮ್ಮೆ ತಪ್ಪಿಸ್ಕೊಂಡ್ರೆ ಖುಷಿ ಪಡೋರು ಇಡೀ ಊರಲ್ಲಿ ನೀವೊಬ್ರೇ ನೋಡಿ." ಸರಪಳಿ ಬಾವಿಯ ಕೊಡಪಾನಕ್ಕೆ ಹೋಯಿತು.

ಚಳಿ ಇನ್ನೂ ಇರುವಾಗಲೇ ದೊಡ್ಡ ದಿನ ಬಂತು. ಕನ್ನಮ್ಮ ತವರಿಂದ ತಂದಿದ್ದ ಹಲಸಿನ ಮರದ ಕಪಾಟನ್ನು ತೀರ್ಥಹಳ್ಳಿಯಲ್ಲಿರುವ ಮಗಳಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಬಾಗಿಲಿಗೆ ಕನ್ನಡಿ ಕೂರಿಸಿದ ಕಪಾಟು. ಸಾಗಿಸುವವನು ಯಾರು ಎಂದು ಬೇರೆ ಹೇಳಬೇಕಿಲ್ಲ. ಶ್ರೀನಾಥ ಮತ್ತಿಬ್ಬರು ಸೇರಿ ಅದನ್ನು ಗಾಡಿಗೇರಿಸಿದರು. ಜಟ್ಟಪ್ಪ ಹಗ್ಗ ಬೀಸಿ, ಸುತ್ತಿ, ಎಳೆದು, ಗಂಟು ಹಾಕಿ, ಕೈ ಒರೆಸಿಕೊಂಡ. ಆ ದಿನ ಲಿಖಿತಾಳೂ ಬಂದಿದ್ದಳು. ಪುಟ್ಟಪ್ಪನವರ ತೋಳು ನೀವುತ್ತಿದ್ದವಳ ಕೈಯಿಂದ ತೋಳು ತಟ್ಟನೆ ಜಾರಿತು.

ಪುಟ್ಟಪ್ಪ ಎದ್ದಿದ್ದರು.

"ಮಾವ, ಕೋಲು" ಎಂದು ದೀಪಶ್ರೀ ಮುಂದೆ ಬಂದಳು. ಅವರಿಗೆ ಕೇಳಿಸಲಿಲ್ಲ. ಒಂದು ಕಾಲು ಎಳೆಯುತ್ತಾ ಮೆಟ್ಟಿಲಿಳಿದರು, ಅಂಗಳ ದಾಟಿದರು, ಗಾಡಿಯ ಪಕ್ಕ ಹಿಡಿದು ನಿಂತರು. ಎಡಗೈಯಲ್ಲಿ ಜಟ್ಟಪ್ಪನ ಗಂಟನ್ನು ಮುಟ್ಟಿದರು. ಅದು ಮುಟ್ಟಿದ್ದಕ್ಕೇ ಬಿಚ್ಚಿಕೊಂಡಿತು.

"ಇದ್ರಲ್ಲಿ ನನ್ನ ಹೆಂಡ್ತಿ ಕಪಾಟು ತೀರ್ಥಹಳ್ಳಿಗೆ ಹೋಗ್ಬೇಕಾ?" ಎಂದರು. ಬಲಗೈ ಮೇಲೆದ್ದಿತು. ಬೆರಳುಗಳು ನಡುಗುತ್ತಾ, ತುಕ್ಕು ಹಿಡಿದ ಚಿಲಕ ತೆರೆದ ಹಾಗೆ ಒಂದೊಂದಾಗಿ ತೆರೆದವು. ಹಗ್ಗ ಸುತ್ತಿದವು. ಬಿಗಿದವು. ಎರಡೂ ಕೈ ಸೇರಿ ಎಳೆದಾಗ ಗಾಡಿಯೇ ಒಮ್ಮೆ ಕಿರ್ ಎಂದಿತು. ಕನ್ನಮ್ಮ ಕಪಾಟಿನ ಕನ್ನಡಿಯಲ್ಲಿ ಗಂಡನ ಕೈಯನ್ನೇ ನೋಡುತ್ತಾ ನಿಂತಿದ್ದಳು.

ಕಪಾಟು ತೀರ್ಥಹಳ್ಳಿಯವರೆಗೆ ದಾರಿಯಲ್ಲಿ ಎಲ್ಲಿಯೂ ಇಳಿಯದೆ ಹೋಯಿತು. ಮಧ್ಯಾಹ್ನ ಜಟ್ಟಪ್ಪನ ಫೋನ್ ಬಂದಾಗ ಮೂರು ತಾಲ್ಲೂಕುಗಳ ಚರಿತ್ರೆ ಬದಲಾದ ಸಂಭ್ರಮವೇನೂ ಅವನ ದನಿಯಲ್ಲಿರಲಿಲ್ಲ. "ಎಂತ ಕಟ್ಟಿದೀರಿ ಪುಟ್ಟಪ್ಪಣ್ಣ! ತುದಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಬಿಚ್ಚಕ್ಕೆ ನಾಲ್ಕು ಜನ ಆದ್ವಿ."

"ಬಿಚ್ಚೋದನ್ನ ನಾಳೆ ಹೇಳಿಕೊಡ್ತೀನಿ ಬಾ" ಎಂದರು ಪುಟ್ಟಪ್ಪ. ಫೋನ್ ಅವರ ಬಲಗೈಯಲ್ಲಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಉಳಿದವರೆಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಮುಂದಿನ ವಾರ ಲಿಖಿತಾ ಬೆರಳುಗಳನ್ನು ಮಡಚಿ, ಬಿಡಿಸಿ ನೋಡಿ, "ಇನ್ನು ನಾನು ಬರೀ ಕಾಫಿ ಕುಡಿಯೋಕೆ ಬರ್ಬೇಕಷ್ಟೆ" ಎಂದಳು. ಕನ್ನಮ್ಮ ಅವತ್ತೇ ಕೋಳಿ ಸಾರು, ಕಡುಬು ಮಾಡಿ ಜಟ್ಟಪ್ಪ ಮೂಕಮ್ಮರನ್ನು ಊಟಕ್ಕೆ ಕರೆದಳು. ಪುಟ್ಟಪ್ಪನವರೇ ತಮ್ಮ ಬಲಗೈಯಿಂದ ಜಟ್ಟಪ್ಪನ ಎಲೆಗೆ ಕಡುಬು ಬಡಿಸಿದರು. ಒಂದು ಉರುಳಿ ನೆಲಕ್ಕೆ ಬಿತ್ತು. "ಇವತ್ತು ಬೀಳ್ಸಿದ್ದು ನಾನಲ್ಲ ಮತ್ತೆ" ಎಂದು ಜಟ್ಟಪ್ಪ ಎಲ್ಲರನ್ನೂ ಸಾಕ್ಷಿಗೆ ಕರೆದ.

ಆಗ ದೀಪಶ್ರೀ ಎದ್ದು ನಿಂತಳು.

"ಜಟ್ಟಪ್ಪಣ್ಣ, ಒಂದು ಮಾತು ಹೇಳ್ಲೇಬೇಕು. ನಾನು ಓದಿ ಕಲಿತದ್ದನ್ನೆಲ್ಲ ಮಾಡಿ ನೋಡ್ದೆ, ಆಗ್ಲಿಲ್ಲ. ಮಾವಂಗೆ ಬೇಕಿದ್ದದ್ದು ಒಂದು ಕೆಲ್ಸ, ಅದನ್ನ ನೀವು ಕೊಟ್ರಿ. ಯಾರಿಗೂ ಹೇಳ್ದೆ, ದಿನಾ ಅಷ್ಟು ಬೈಸ್ಕೊಂಡು, ಬೇಕಂತಲೇ ತಪ್ಪು ಗಂಟು ಹಾಕಿ ಹಾಕಿ ಅವ್ರ ಕೈ ವಾಪಸ್ ತಂದ್ರಿ. ನನ್ನ ಓದು ಅರ್ಧಕ್ಕೆ ನಿಲ್ಲದ ಹಾಗೆ ನೋಡ್ಕೊಂಡ ಕೈ ಅದು. ಈ ಮನೆ ನಿಮ್ಮನ್ನ ಯಾವತ್ತೂ ಮರೆಯಲ್ಲ."

ಪುಟ್ಟಪ್ಪ ಸೊಸೆಯನ್ನು ನೋಡಿದರು, ಜಟ್ಟಪ್ಪನನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿಕೊಂಡರು. ಅವರ ಕಣ್ಣು ತುಂಬಿ ಬಂತು. ಕನ್ನಮ್ಮ ಸೌಟು ಹಿಡಿದೇ ಮೂಗೊರೆಸಿಕೊಂಡಳು. ಮೂಕಮ್ಮ ಮಾತ್ರ ಗಂಡನನ್ನು ಬಾಯಿ ತೆರೆದು ನೋಡುತ್ತಿದ್ದಳು.

ಜಟ್ಟಪ್ಪ ಬಾಯಲ್ಲಿದ್ದ ಕಡುಬು ನುಂಗಿ, ನೀರು ಕುಡಿದ.

"ತಪ್ಪು ಗಂಟಾ? ನಾ ಸರಿಯಾಗೇ ಕಟ್ತಿದ್ದೆ ಮೇಡಂ. ಪುಟ್ಟಪ್ಪಣ್ಣಂಗೆ ಹುಷಾರಿಲ್ವಲ್ಲ, ಎಂತಕ್ಕೆ ಎದುರು ಮಾತಾಡೋದು ಅಂತ ಸುಮ್ನಿದ್ದೆ."